ಕಲ್ಚರ್ ವರದಿಗೂ ಮೊದಲು: ರಕ್ತದ ನಂಜಿನ ಮೂಲ ಊಹಿಸುವ ವಿದ್ಯೆ

ನಂಜು ರಕ್ತಕ್ಕೆ ಏರಿ ರಕ್ತದೊತ್ತಡ ಕುಸಿದ ರೋಗಿಗೆ ಮೊದಲ ಆಂಟಿಬಯೋಟಿಕ್ ಒಂದು ಗಂಟೆಯೊಳಗೆ ಹೋಗಬೇಕು. ಆದರೆ ಬ್ಲಡ್ ಕಲ್ಚರ್ ಬಾಟಲಿಯಲ್ಲಿ, ಅಂದರೆ ರೋಗಿಯ ರಕ್ತ ಹಾಕಿ ರೋಗಾಣು ಬೆಳೆಸಿ ನೋಡುವ ಬಾಟಲಿಯಲ್ಲಿ, ಬ್ಯಾಕ್ಟೀರಿಯಾ ಬೆಳೆದಿದೆ ಎಂದು ಯಂತ್ರ ಹೇಳಲು ಸಾಮಾನ್ಯವಾಗಿ 12ರಿಂದ 48 ಗಂಟೆ ಬೇಕು. ಅದು ಯಾವುದು, ಯಾವ ಔಷಧಕ್ಕೆ ಬಗ್ಗುತ್ತದೆ ಎಂದು ತಿಳಿಯಲು ಮತ್ತೆ ಒಂದೆರಡು ದಿನ. ಅಲ್ಲಿಯವರೆಗೆ ಚಿಕಿತ್ಸೆ ನಡೆಯುವುದು ಊಹೆಯ ಮೇಲೆ.

ಈ ಊಹೆಯನ್ನು ಕಂಪ್ಯೂಟರಿಗೆ ಕಲಿಸುವ ಯತ್ನ ಹಳೆಯದು. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಎಡ್ವರ್ಡ್ ಶಾರ್ಟ್‌ಲಿಫ್ ರೂಪಿಸಿದ 'ಮೈಸಿನ್' ಎಂಬ ಕಂಪ್ಯೂಟರ್ ಪ್ರೋಗ್ರಾಂ ರಕ್ತದ ಸೋಂಕಿಗೆಂದೇ ಹುಟ್ಟಿದ್ದು. ಗ್ರಾಂ ಬಣ್ಣ (ಬ್ಯಾಕ್ಟೀರಿಯಾವನ್ನು ಎರಡು ಗುಂಪಾಗಿ ವಿಂಗಡಿಸುವ ಬಣ್ಣದ ಪರೀಕ್ಷೆ), ಬ್ಯಾಕ್ಟೀರಿಯಾದ ಆಕಾರ, ಸೋಂಕು ಒಳಹೊಕ್ಕ ದಾರಿ ಇವನ್ನೆಲ್ಲ ಕೇಳಿ, ನೂರಾರು ನಿಯಮಗಳನ್ನು ತೂಗಿ, ಸಂಭವನೀಯ ಕಾರಣಗಳನ್ನೂ ಔಷಧವನ್ನೂ ಸೂಚಿಸುತ್ತಿತ್ತು. ಮೆದುಳಿನ ಪೊರೆಯ ಸೋಂಕಿನ ಪ್ರಕರಣಗಳನ್ನು ಕೊಟ್ಟು ನೋಡಿದಾಗ ಅದರ ಸಲಹೆ ತಜ್ಞರಿಗೆ ಸರಿಸಮವಾಗಿತ್ತು. ಆ ಫಲಿತಾಂಶ 1979ರಲ್ಲಿ ಪ್ರಕಟವಾಯಿತು. ಆದರೂ ಅದು ವಾರ್ಡಿಗೆ ಇಳಿಯಲೇ ಇಲ್ಲ. ಪ್ರತಿ ರೋಗಿಯ ವಿವರವನ್ನೂ ಒಬ್ಬರು ಕೂತು ಟೈಪ್ ಮಾಡಬೇಕಿತ್ತಲ್ಲ! 1998ರ ಹೊತ್ತಿಗೆ ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಆಸ್ಪತ್ರೆಯೊಂದು ತನ್ನ ಗಣಕೀಕೃತ ದಾಖಲೆಗಳಿಗೇ ಇಂಥ ಸಲಹೆಯನ್ನು ಜೋಡಿಸಿತ್ತು. ಹಳೆಯ ದಾಖಲೆಗಳಿಂದ ತಾವೇ ಕಲಿಯುವ ಈಗಿನ ಮಷೀನ್ ಲರ್ನಿಂಗ್ ಮಾದರಿಗಳದ್ದೂ ಅದೇ ದಾರಿ.

ಮಾದರಿ ಯಾವುದೇ ಇರಲಿ, ಮೊದಲ ಪ್ರಶ್ನೆ ಸೋಂಕು ಎಲ್ಲಿಂದ ಹೊರಟಿತು ಎಂಬುದು. ಮೂತ್ರಮಾರ್ಗವಾದರೆ ಇ. ಕೋಲೈ, ಕ್ಲೆಬ್ಸಿಯೆಲ್ಲಾ ಬ್ಯಾಕ್ಟೀರಿಯಾ. ಕತ್ತಿನ ದೊಡ್ಡ ರಕ್ತನಾಳಕ್ಕೆ ಹಾಕಿದ ಲೈನ್ (ಔಷಧ ಹರಿಸುವ ಕೊಳವೆ) ಆದರೆ ಸ್ಟ್ಯಾಫಿಲೊಕಾಕಸ್. ವೆಂಟಿಲೇಟರ್ ಮೇಲೆ ದಿನಗಟ್ಟಲೆ ಇದ್ದವರಲ್ಲಿ ಅಸಿನೆಟೊಬ್ಯಾಕ್ಟರ್, ಸ್ಯೂಡೊಮೊನಾಸ್. ಎರಡನೆಯದು ಆ ಆಸ್ಪತ್ರೆಯದೇ ಆಂಟಿಬಯೊಗ್ರಾಂ, ಅಂದರೆ ಯಾವ ಬ್ಯಾಕ್ಟೀರಿಯಾ ಯಾವ ಔಷಧಕ್ಕೆ ಶೇಕಡಾ ಎಷ್ಟು ಬಗ್ಗುತ್ತದೆ ಎಂಬ ಪಟ್ಟಿ: ವರ್ಷಕ್ಕೊಮ್ಮೆ ಲೆಕ್ಕ ಹಾಕಿ, ಒಬ್ಬ ರೋಗಿಯಲ್ಲಿ ಮೊದಲು ಸಿಕ್ಕ ಬ್ಯಾಕ್ಟೀರಿಯಾವನ್ನಷ್ಟೇ ಎಣಿಸಿ, ಒಂದು ಬಗೆಯ ಬ್ಯಾಕ್ಟೀರಿಯಾ ಕನಿಷ್ಠ 30 ಸಿಕ್ಕಿದ್ದರೆ ಮಾತ್ರ ಶೇಕಡಾವಾರು ನಂಬಬೇಕು. ಬೇರೆ ಊರಿನ ಪಟ್ಟಿ ಇಲ್ಲಿಗೆ ಒಗ್ಗುವುದಿಲ್ಲ.

ಮಲೆನಾಡಿಗಂತೂ ಅದು ಇನ್ನಷ್ಟು ಒಗ್ಗದು. ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಜ್ವರ ಹೊತ್ತು ಶಿವಮೊಗ್ಗಕ್ಕೆ ಬರುವವರಲ್ಲಿ ಇಲಿಜ್ವರ, ಸಣ್ಣ ನುಸಿಹುಳ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಇರಬಹುದು. ಎರಡೂ ಮಾಮೂಲಿ ಕಲ್ಚರ್ ಬಾಟಲಿಯಲ್ಲಿ ಬೆಳೆಯುವುದಿಲ್ಲ. 1957ರಲ್ಲಿ ಸೊರಬ ತಾಲ್ಲೂಕಿನಲ್ಲಿ ಗುರುತಿಸಿದ ಮಂಗನ ಕಾಯಿಲೆ, ಹೆಚ್ಚಾಗಿ ಬೇಸಿಗೆಯದು, ವೈರಸ್‌ನಿಂದ ಬರುವಂಥದ್ದು. ಅದಕ್ಕೂ ಈ ಬಾಟಲಿ ಉತ್ತರ ಕೊಡದು. ಬಾಟಲಿಯಲ್ಲಿ ಏನೂ ಬೆಳೆಯಲಿಲ್ಲವೆಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಮರೆಯಬಾರದ ಇನ್ನೊಂದು ಕಾಯಿಲೆ ಮೆಲಿಯೊಯ್ಡೊಸಿಸ್. ಇದರ ಬ್ಯಾಕ್ಟೀರಿಯಾ ಕೆಸರು ಮಣ್ಣಿನಲ್ಲಿರುತ್ತದೆ. ಗದ್ದೆಗಿಳಿಯುವ ಸಕ್ಕರೆ ಕಾಯಿಲೆಯವರಿಗೆ ಅಪಾಯ ಹೆಚ್ಚು. ಕಲ್ಚರ್‌ನಲ್ಲಿ ಬೆಳೆದರೂ ಸ್ಯೂಡೊಮೊನಾಸ್ ಎಂದೋ ಹೊರಗಿನ ಕೊಳೆ ಎಂದೋ ಬದಿಗಿಡುವುದುಂಟು. ಎಲ್ಲೆಡೆ ಮೊದಲು ಚುಚ್ಚುವ ಸೆಫ್ಟ್ರಿಯಾಕ್ಸೋನ್ ಇದಕ್ಕೆ ಸಾಲದು. ಸೆಫ್ಟಾಜಿಡಿಮ್ ಅಥವಾ ಮೆರೊಪೆನೆಮ್ ಬೇಕು.

ಇಷ್ಟಾದರೂ ಊಹೆ ಕೆಡುವುದು ಹೆಚ್ಚಾಗಿ ರಕ್ತ ತೆಗೆಯುವಲ್ಲೇ ಎನ್ನಬೇಕು. ದೂರದಿಂದ ಬರುವವರಿಗೆ ಊರಲ್ಲೇ ಆಂಟಿಬಯೋಟಿಕ್ ಕೊಟ್ಟಾಗಿರುತ್ತದೆ. ಆಮೇಲೆ ತೆಗೆದ ರಕ್ತದಲ್ಲಿ ಏನೂ ಬೆಳೆಯದೆ ಹೋಗಬಹುದು. ಹಾಗೆಂದು ತೀವ್ರ ಸ್ಥಿತಿಯಲ್ಲಿ ಔಷಧ ತಡೆಯುವುದೂ ತಪ್ಪು. ಚುಚ್ಚುವ ಮೊದಲು ರಕ್ತ ತೆಗೆದಿಡಬೇಕು, ಅಷ್ಟೇ. ವಯಸ್ಕರಿಗೆ ಬಾಟಲಿಗೆ 8ರಿಂದ 10 ಮಿಲಿಲೀಟರ್, ಬೇರೆಬೇರೆ ಜಾಗದಿಂದ ಎರಡು ಜೊತೆ ಬಾಟಲಿ. 3 ಮಿಲಿಲೀಟರ್ ಹಾಕಿ ಕಳಿಸಿದರೆ ರಕ್ತದಲ್ಲಿ ವಿರಳವಾಗಿರುವ ಬ್ಯಾಕ್ಟೀರಿಯಾ ಬಾಟಲಿಗೆ ಬರದೆಯೇ ಹೋಗಬಹುದು. ಆಲ್ಕೋಹಾಲ್ ಬೆರೆತ ಕ್ಲೋರ್‌ಹೆಕ್ಸಿಡಿನ್ ಹಚ್ಚಿ 30 ಸೆಕೆಂಡ್ ಒಣಗಲು ಬಿಡಬೇಕು. ಅವಸರ ಮಾಡಿದರೆ ಚರ್ಮದ ಬ್ಯಾಕ್ಟೀರಿಯಾ ಸೇರಿ ಸುಳ್ಳು ವರದಿ ಬರುತ್ತದೆ. ಬಾಟಲಿಯ ಜೊತೆ ಹೋಗುವ ಚೀಟಿಯಲ್ಲಿ ಗದ್ದೆ ಕೆಲಸ, ಸಕ್ಕರೆ ಕಾಯಿಲೆ, ಈಗಾಗಲೇ ಕೊಟ್ಟ ಔಷಧ ಇವನ್ನು ಬರೆದರೆ, ಬೆಳೆದದ್ದನ್ನು ಕೊಳೆಯೆಂದು ಎಸೆಯುವ ಮೊದಲು ಲ್ಯಾಬಿನವರು ಇನ್ನೊಮ್ಮೆ ನೋಡುತ್ತಾರೆ.