18 ಗೇಜ್ ಅಂದರೆ ಯಾವ 18? ಚೈನ್‌ಮೇಲ್ ರಿಂಗ್ ಅಳತೆಯ ಗೊಂದಲ ಎಲ್ಲಿಂದ ಬಂತು

ಲೋಹದ ರಿಂಗ್‌ಗಳನ್ನು ಒಂದಕ್ಕೊಂದು ಹೆಣೆದು ಮಾಡುವ ಚೈನ್‌ಮೇಲ್ ಸರವೊಂದರ ಪ್ಯಾಟರ್ನ್‌ನಲ್ಲಿ 18 ಗೇಜ್ (ಗೇಜ್ ಅಂದರೆ ತಂತಿಯ ದಪ್ಪ ಹೇಳುವ ನಂಬರ್), ಒಳವ್ಯಾಸ 3.6 ಮಿ.ಮೀ. ಅಂತ ಇತ್ತು. ನಾನು ತರಿಸಿದ್ದೂ ಅದೇ. ಆದರೂ ಬೈಜಂಟೈನ್ ಅನ್ನುವ ನೇಯ್ಗೆಯ ಆ ಸರದಲ್ಲಿ ರಿಂಗ್‌ಗಳನ್ನು ಹಿಂದಕ್ಕೆ ಮಡಚಿ ಮುಂದಿನದನ್ನು ತೂರಿಸುವ ಹೊತ್ತಿಗೆ ಜಾಗವೇ ಇರಲಿಲ್ಲ. ಸಂಜೆಯೆಲ್ಲ ಎರಡು ಇಕ್ಕಳ ಹಿಡಿದು ಒದ್ದಾಡಿ, ತಪ್ಪು ನನ್ನ ಕೈಯದ್ದೇ ಅಂದುಕೊಂಡೆ. ಬಹಳ ಜನ ಹೊಸಬರು ಹೀಗೇ ಅಂದುಕೊಳ್ಳುತ್ತಾರೆ, ಕೆಲವರು ಅಲ್ಲಿಗೇ ಬಿಟ್ಟೂ ಬಿಡುತ್ತಾರೆ.

ರಿಂಗಿಗೆ ರಿಂಗ್ ಹೆಣೆಯುವ ಕೆಲಸ ಎರಡು ಸಾವಿರ ವರ್ಷಕ್ಕಿಂತ ಹಳೆಯದು. ಕೆಲ್ಟ್ ಜನರ ಕವಚ, ರೋಮನ್ ಸೈನಿಕರ ಕವಚ, ಮಧ್ಯಯುಗದ ಯೂರೋಪಿನ ರಿವೆಟ್ ಹೊಡೆದ ಕವಚ, ಆಮೇಲೆ ಬಂದೂಕಿನ ಕಾಲದಲ್ಲಿ ಮೂಲೆಗೆ. 20ನೇ ಶತಮಾನದಲ್ಲಿ ಮಧ್ಯಯುಗದ ಉಡುಪನ್ನು ಮತ್ತೆ ಮಾಡಿ ತೊಡುವ ಹವ್ಯಾಸಿಗಳು ಇದನ್ನು ಎತ್ತಿಕೊಂಡರು, ಅಲ್ಲಿಂದ ಇದು ಆಭರಣಕ್ಕೆ ಬಂತು. ಕವಚದ ಸಾಮಾನ್ಯ ನೇಯ್ಗೆಯಾದ ಯೂರೋಪಿಯನ್ 4-ಇನ್-1 (ಒಂದೊಂದು ರಿಂಗಿಗೂ ನಾಲ್ಕು ರಿಂಗ್ ಸೇರಿಸುವುದು) ಸ್ವಲ್ಪ ಸಡಿಲವಾದರೂ ನಡೆಯುತ್ತದೆ. ಬೈಜಂಟೈನ್ ಹಾಗಲ್ಲ. ಅದಕ್ಕೆ ಅಳತೆ ಸರಿಯಾಗಿಯೇ ಇರಬೇಕು.

ಗೊಂದಲದ ಬೇರು ತಂತಿ ಎಳೆಯುವವರ ಕೆಲಸದಲ್ಲಿದೆ. ದಪ್ಪ ತಂತಿಯನ್ನು ಒಂದಕ್ಕಿಂತ ಒಂದು ಸಣ್ಣ ತೂತಿನ ಮೂಲಕ ಎಳೆದು ತೆಳು ಮಾಡುತ್ತಿದ್ದರು. ಎಷ್ಟು ಸಲ ಎಳೆದರು ಅನ್ನುವ ಲೆಕ್ಕದಿಂದ ಗೇಜ್ ನಂಬರ್ ಹುಟ್ಟಿತು. ಅದಕ್ಕೇ ನಂಬರ್ ಜಾಸ್ತಿಯಾದಷ್ಟೂ ತಂತಿ ತೆಳು. ಆದರೆ ತೂತಿನ ಅಳತೆ ಎಲ್ಲ ಕಡೆ ಒಂದೇ ಇರಲಿಲ್ಲ, ಹಾಗಾಗಿ ಗೇಜ್‌ಗಳೂ ಹತ್ತಾರು ಆದವು. ಅಮೆರಿಕದಲ್ಲಿ 1857ರಲ್ಲಿ ಬ್ರೌನ್ ಅಂಡ್ ಶಾರ್ಪ್ ಗೇಜ್ ಬಂತು, ಅದೇ ಇಂದಿನ ಎಡಬ್ಲ್ಯುಜಿ (ಅಮೆರಿಕನ್ ವೈರ್ ಗೇಜ್). ಬ್ರಿಟನ್ನಿನಲ್ಲಿ 1884ರಿಂದ ಎಸ್‌ಡಬ್ಲ್ಯುಜಿ (ಸ್ಟ್ಯಾಂಡರ್ಡ್ ವೈರ್ ಗೇಜ್) ಕಾನೂನುಬದ್ಧ ಅಳತೆಯಾಯಿತು. ಎರಡೂ ತಮ್ಮ ತಮ್ಮ ಜಾಗದಲ್ಲಿ ಅಚ್ಚುಕಟ್ಟು. ಚೈನ್‌ಮೇಲ್ ಮಾಡುವವರ ಮೇಜಿನ ಮೇಲೆ ಮಾತ್ರ ಎರಡೂ ಒಟ್ಟಿಗೆ ಬಂದು ಕೂತವು: ಬೆಳ್ಳಿ, ತಾಮ್ರದ ರಿಂಗ್‌ಗಳು ಸಾಮಾನ್ಯವಾಗಿ ಎಡಬ್ಲ್ಯುಜಿಯಲ್ಲಿ, ಅಲ್ಯೂಮಿನಿಯಂ, ಸ್ಟೀಲ್ ರಿಂಗ್‌ಗಳು ಹಲವು ಕಡೆ ಎಸ್‌ಡಬ್ಲ್ಯುಜಿಯಲ್ಲಿ, ಪೊಟ್ಟಣದ ಮೇಲೆ ಮಾತ್ರ ಸುಮ್ನೆ '18 ಗೇಜ್'.

18 ಎಡಬ್ಲ್ಯುಜಿ ಅಂದರೆ 1.02 ಮಿ.ಮೀ., 18 ಎಸ್‌ಡಬ್ಲ್ಯುಜಿ ಅಂದರೆ 1.22. ವ್ಯತ್ಯಾಸ ಕೂದಲೆಳೆಯಷ್ಟು ಅನ್ನಿಸಬಹುದು. ಆದರೆ ನೇಯ್ಗೆ ಕೂರುತ್ತದೋ ಇಲ್ಲವೋ ಅಂತ ಹೇಳುವುದು ಆಸ್ಪೆಕ್ಟ್ ರೇಶಿಯೊ, ಅಂದರೆ ಒಳವ್ಯಾಸವನ್ನು ತಂತಿಯ ದಪ್ಪದಿಂದ ಭಾಗಿಸಿದರೆ ಬರುವ ಸಂಖ್ಯೆ. 3.6 ಮಿ.ಮೀ. ರಿಂಗಿಗೆ ಮೊದಲ ತಂತಿಯಲ್ಲಿ ಅದು ಸುಮಾರು 3.5, ಬೈಜಂಟೈನ್‌ಗೆ ಹೇಳಿ ಮಾಡಿಸಿದ್ದು. ಎರಡನೆಯದರಲ್ಲಿ 2.95. ನನಗೆ ಬಂದದ್ದು ಈ ಎರಡನೆಯದು.

ಒಳವ್ಯಾಸದಲ್ಲೂ ಒಂದು ತೊಡಕಿದೆ. ತಂತಿಯನ್ನು ಸರಳಿಗೆ ಸುತ್ತಿ ಬಿಟ್ಟರೆ ಸುರುಳಿ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಗಟ್ಟಿ ತಂತಿ ಇನ್ನೂ ಜಾಸ್ತಿ. ಇದಕ್ಕೆ ಸ್ಪ್ರಿಂಗ್‌ಬ್ಯಾಕ್ ಅನ್ನುತ್ತಾರೆ. ಕೆಲವರು ಸರಳಿನ ಅಳತೆ ಬರೆಯುತ್ತಾರೆ, ಕೆಲವರು ಕತ್ತರಿಸಿದ ರಿಂಗಿನದು. ಎರಡಕ್ಕೂ ಹೆಸರು ಒಳವ್ಯಾಸವೇ.

ಈಗ ಎರಡೂ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆಯುವವರು ಇದ್ದಾರೆ. ಪ್ಯಾಟರ್ನ್ ಬರೆಯುವವರೆಲ್ಲ ಅಷ್ಟು ಮಾಡಿದರೆ ಎಷ್ಟು ಸಂಜೆ ಉಳಿಯುತ್ತವೆ, ಅಲ್ವಾ? ಅಲ್ಲಿಯವರೆಗೆ ಡಿಜಿಟಲ್ ಕ್ಯಾಲಿಪರ್ ಒಂದು ಇಟ್ಟುಕೊಳ್ಳಿ. ಪೊಟ್ಟಣ ಬಿಚ್ಚಿದ ಕೂಡಲೇ ನಾಲ್ಕೈದು ರಿಂಗ್ ಅಳೆದು, ರೇಶಿಯೊವನ್ನು ಡಬ್ಬಿಯ ಮೇಲೇ ಬರೆದಿಡಿ.

ನನ್ನ 2.95ರ ರಿಂಗ್‌ಗಳು ಹಾಳಾಗಲಿಲ್ಲ. ಜೆನ್ಸ್ ಪಿಂಡ್ ಅನ್ನುವ ಹಗ್ಗದಂಥ ಬಿಗಿ ನೇಯ್ಗೆಗೆ ರೇಶಿಯೊ 3ರ ಆಸುಪಾಸಿನಲ್ಲೇ ಇರಬೇಕು. ಅವುಗಳಿಂದ ಒಂದು ಬ್ರೇಸ್‌ಲೆಟ್ ಆಯಿತು.