ಹಾಸಿಗೆಯ ‘ಡೆನ್ಸಿಟಿ’ ಅಂದರೆ ಏನು?

ಮಗುವಿಗೆ ಹಾಸಿಗೆ ಕೊಳ್ಳಲು ಹೋದವರ ಕಿವಿಗೆ ಮೊದಲು ಬೀಳುವುದು ಒಂದು ಅಂಕಿ. ‘ಇದು 32 ಡೆನ್ಸಿಟಿ ಸಾರ್, ಅದು 40, ಅದಕ್ಕೇ ಗಟ್ಟಿ.’ ಅಂಕಿ ಸರಿಯಿರಬಹುದು, ‘ಅದಕ್ಕೇ’ ಅನ್ನುವುದು ತಪ್ಪು.

ಡೆನ್ಸಿಟಿ ಎಂದರೆ ಶಾಲೆಯಲ್ಲಿ ಓದಿದ ಸಾಂದ್ರತೆಯೇ: ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬ ಲೆಕ್ಕ. ಫೋಮ್‌ನಲ್ಲಿ ಬಹುಪಾಲು ಇರುವುದು ಗಾಳಿ. ಅದನ್ನು ಸುತ್ತುವರಿದ ಸಣ್ಣ ಎಳೆಗಳಷ್ಟೇ ಪಾಲಿಯುರಿಥೇನ್. ಮಗು ಮಲಗಿದಾಗಲೆಲ್ಲ ಈ ಎಳೆಗಳು ಬಾಗಬೇಕು, ಎದ್ದಾಗ ನೆಟ್ಟಗಾಗಬೇಕು. ಸರಕು ಕಡಿಮೆಯಿದ್ದರೆ ಅವು ಬೇಗ ಸೋಲುತ್ತವೆ, ಹಾಸಿಗೆಯ ನಡುವೆ ಗುಂಡಿ ಬೀಳುತ್ತದೆ. ಅಂದರೆ ಡೆನ್ಸಿಟಿ ಹೇಳುವುದು ಬಾಳಿಕೆಯನ್ನು.

ಗಟ್ಟಿತನಕ್ಕೆ ಬೇರೆಯದೇ ಅಳತೆ ಇದೆ, ಐಎಲ್‌ಡಿ (ಇಂಡೆಂಟೇಶನ್ ಲೋಡ್ ಡಿಫ್ಲೆಕ್ಷನ್). ಸುಮಾರು 8 ಇಂಚು ಅಗಲದ ದುಂಡು ತಟ್ಟೆಯಿಂದ ಫೋಮನ್ನು ಒತ್ತಿ, ದಪ್ಪದಲ್ಲಿ ಶೇ 25 ಅಥವಾ 40ರಷ್ಟು ತಗ್ಗಿಸಲು ಎಷ್ಟು ಬಲ ಬೇಕಾಯಿತು ಎಂದು ನೋಡುತ್ತಾರೆ. ರಾಸಾಯನಿಕಗಳ ಮಿಶ್ರಣ ಬದಲಿಸಿದರೆ ಒಂದೇ ಡೆನ್ಸಿಟಿಯಲ್ಲಿ ಮೆತ್ತನೆಯ ಫೋಮೂ ಬರುತ್ತದೆ, ಗಟ್ಟಿ ಫೋಮೂ ಬರುತ್ತದೆ. ಒತ್ತಿದರೆ ತಗ್ಗಿ, ನಿಧಾನವಾಗಿ ಮತ್ತೆ ಮೇಲೇಳುವ ಮೆಮೊರಿ ಫೋಮ್ ನೋಡಿ: ಎಷ್ಟೋ ಬಾರಿ 50 ಡೆನ್ಸಿಟಿ ಇದ್ದೂ ಕೈಯಿಟ್ಟರೆ ಹೂತುಹೋಗುತ್ತದೆ.

ಇನ್ನೊಂದು ಗೊಂದಲ ಬೇರೆ ಬೇರೆ ಸರಕುಗಳ ಅಂಕಿಯನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದರಿಂದ ಹುಟ್ಟುತ್ತದೆ. ಸಾದಾ ಪಿಯು (ಪಾಲಿಯುರಿಥೇನ್) ಫೋಮ್ ಹಾಸಿಗೆಗೆ 28ರಿಂದ 40 ಸಾಮಾನ್ಯ. ರಬ್ಬರಿನ ನೊರೆಯಿಂದ ಮಾಡುವ ಲ್ಯಾಟೆಕ್ಸ್‌ಗೆ 65ರಿಂದ 95. ರೀಬಾಂಡೆಡ್ ಫೋಮ್ 80ರಿಂದ 120ರವರೆಗೂ ಇರುತ್ತದೆ, ಆದರೆ ಅದು ಎಲ್ಲಕ್ಕಿಂತ ಉತ್ತಮ ಎಂದೇನಲ್ಲ. ಅದು ಕಾರ್ಖಾನೆಯ ಚೂರುಗಳನ್ನು ಅಂಟು ಹಾಕಿ ಒತ್ತಿದ ಹಲಗೆ. ಕವರ್ ಬಿಚ್ಚಿದರೆ ಮೊಸಾಯಿಕ್ ನೆಲದ ಹಾಗೆ ಬಣ್ಣಬಣ್ಣದ ತುಣುಕು ಕಾಣುತ್ತವೆ. ದೊಡ್ಡ ಮಕ್ಕಳ ಹಾಸಿಗೆಗೆ ತಳದ ಪದರವಾಗಿ ನಡೆಯುತ್ತದೆ. ಚೂರುಗಳ ಮೂಲ ಗೊತ್ತಿಲ್ಲದಾಗ ಮಗುವಿನ ಮೂಗಿನ ಹತ್ತಿರದ ಪದರವಾಗಿ ಬೇಡ.

ಅಂಗಡಿಯವರ ಅಂಕಿ ನಿಜವೇ ಎಂದು ತಿಳಿಯಲು ತೂಕದ ಯಂತ್ರ ಸಾಕು. 72×36 ಇಂಚಿನ, 4 ಇಂಚು ದಪ್ಪದ ಹಾಸಿಗೆಯ ಗಾತ್ರ 0.17 ಘನ ಮೀಟರ್. 32 ಡೆನ್ಸಿಟಿಯಾದರೆ ಕವರ್ ತೆಗೆದ ಫೋಮ್ ಸುಮಾರು 5.4 ಕಿಲೋ ತೂಗಬೇಕು, 40 ಆದರೆ 6.8 ಕಿಲೋ. ಲ್ಯಾಟೆಕ್ಸ್ 75 ಎಂದರೆ ಹನ್ನೆರಡೂವರೆ ಕಿಲೋ ದಾಟಬೇಕು. ಹಾಸಿಗೆ ಎತ್ತಿಕೊಂಡು ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಸಣ್ಣ ವ್ಯತ್ಯಾಸ ಬಿಟ್ಟುಬಿಡಿ. 32 ಎಂದದ್ದು 4 ಕಿಲೋಗೂ ಬರದಿದ್ದರೆ ಅಂಕಿ ಸುಳ್ಳು. ತೂಕಕ್ಕೂ ಮೋಸ ಮಾಡುವವರಿದ್ದಾರೆ: ಫೋಮ್‌ಗೆ ಸುಣ್ಣಕಲ್ಲಿನ ಪುಡಿ ಬೆರೆಸಿದರೆ ಡೆನ್ಸಿಟಿ ಏರುತ್ತದೆ, ಬಾಳಿಕೆ ಇಳಿಯುತ್ತದೆ. ಅಂಥದ್ದರ ಅಂಚನ್ನು ಬೆರಳಲ್ಲಿ ತಿಕ್ಕಿದರೆ ಪುಡಿ ಉದುರಬಹುದು.

ಹಾಗಾದರೆ ಮಗುವಿಗೆ ಎಷ್ಟು ಬೇಕು? ನಡೆದಾಡುವ ವಯಸ್ಸಿನಿಂದ ಆರೇಳು ವರ್ಷದವರೆಗೆ 32ರ ಫೋಮ್, 4 ಇಂಚು ದಪ್ಪ ಸಾಕು. ಹದಿನೈದು ಇಪ್ಪತ್ತು ಕಿಲೋದ ದೇಹಕ್ಕೆ 8 ಇಂಚಿನ ಹಾಸಿಗೆ ಬರೀ ಖರ್ಚು. ಹದಿಹರೆಯದವರೆಗೆ ಒಂದೇ ಹಾಸಿಗೆ ಸಾಗಬೇಕೆಂದರೆ 40ಕ್ಕೆ ಹೋಗಿ, ಅಥವಾ ಲ್ಯಾಟೆಕ್ಸ್‌ಗೆ. ಎರಡಂತಸ್ತಿನ ಮಂಚವಾದರೆ ಮೇಲಿನ ಹಾಸಿಗೆಯ ಮಟ್ಟಕ್ಕಿಂತ ಕಟಕಟೆ ಕನಿಷ್ಠ 5 ಇಂಚು ಎತ್ತರ ಉಳಿಯಬೇಕು. ದಪ್ಪ ಹಾಸಿಗೆ ಅದನ್ನೇ ನುಂಗಿಬಿಡುತ್ತದೆ.

ಒಂದು ವರ್ಷದೊಳಗಿನ ಕೂಸಿಗೆ ಡೆನ್ಸಿಟಿಗಿಂತ ಗಟ್ಟಿತನವೇ ಮುಖ್ಯ, ಏಕೆಂದರೆ ಮುಖ ಹೂತರೆ ಉಸಿರು ಕಟ್ಟುತ್ತದೆ. ಮೆಮೊರಿ ಫೋಮ್ ಬೇಡವೇ ಬೇಡ, ದಿಂಬೂ ಬೇಡ. ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆ ಆಸ್ಟ್ರೇಲಿಯಾದಲ್ಲಿ ಚಾಲ್ತಿಯಲ್ಲಿದೆ: ಹಾಸಿಗೆಯ ಅತಿ ಮೆತ್ತಗಿನ ಜಾಗದಲ್ಲಿ 12 ಸಿಡಿಗಳನ್ನು ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಒಂದು ಲೀಟರಿನ ತುಂಬಿದ ಹಾಲಿನ ಡಬ್ಬವನ್ನು 4 ಸೆಂ.ಮೀ. ಹೊರಚಾಚುವಂತೆ ಅಡ್ಡ ಮಲಗಿಸಿ, ಅದರ ಮೇಲೆ ಇನ್ನೊಂದು ಡಬ್ಬ ಇಡುವುದು. ಕೆಳಗಿನ ಡಬ್ಬ ಹಾಸಿಗೆಗೆ ತಾಗಿದರೆ ಅದು ಕೂಸಿಗೆ ತೀರ ಮೆತ್ತಗಾಯಿತು. ತೊಟ್ಟಿಲ ಮಂಚದ ಅಂಚಿಗೂ ಹಾಸಿಗೆಗೂ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಂದು ಇರಬಾರದು.

ಲ್ಯಾಟೆಕ್ಸ್ ಎಂದರೆ ರಬ್ಬರ್ ಹಾಲು, ಸುಳ್ಯ–ಪುತ್ತೂರಿನ ತೋಟಗಳಲ್ಲಿ ಇಳಿಸುವುದೇ. ಅದನ್ನು ನೊರೆ ಬರಿಸಿ ಅಚ್ಚಿನಲ್ಲಿ ಬೇಯಿಸುತ್ತಾರೆ. ಡನ್‌ಲಪ್ ಎಂಬ ತಯಾರಿಕೆಯ ವಿಧಾನದಲ್ಲಿ ಭಾರದ ಕಣ ತಳಕ್ಕಿಳಿಯುವುದರಿಂದ ಒಂದು ಬದಿ ತುಸು ಗಟ್ಟಿ. ಮಗುವಿಗೆ ಆ ಬದಿ ಮೇಲಿರಲಿ. ‘ನ್ಯಾಚುರಲ್’ ಎಂದು ಬರೆದದ್ದರಲ್ಲೂ ಕೃತಕ ರಬ್ಬರ್ ಬೆರೆತಿರಬಹುದು, ಶೇಕಡಾವಾರು ಕೇಳಿ. ಪರೀಕ್ಷೆಯಾದ ಸರಕಿಗೆ ಕೊಡುವ ಮುದ್ರೆಗಳೂ ಬೇರೆ ಬೇರೆ: ಗೋಲ್ಸ್ (GOLS) ಸಾವಯವ ಲ್ಯಾಟೆಕ್ಸ್‌ಗೆ, ಸರ್ಟಿಪುರ್ (CertiPUR) ಪಿಯು ಫೋಮ್‌ಗೆ. ಅಪ್ಪಟ ಲ್ಯಾಟೆಕ್ಸ್ ಎನ್ನುವ ಹಾಸಿಗೆಗೆ ಸರ್ಟಿಪುರ್ ಮುದ್ರೆ ಇದ್ದರೆ, ಒಳಗೆ ಎಲ್ಲೋ ಫೋಮ್ ಪದರ ಇದೆ ಎಂದೇ ಅರ್ಥ, ಅಥವಾ ಬರೆದವರಿಗೇ ಗೊತ್ತಿಲ್ಲ. ಕೂಸುಗಳ ಬಟ್ಟೆ, ಕವರಿಗೆ, ಹಾನಿಕರ ರಾಸಾಯನಿಕ ಇದೆಯೇ ಎಂದು ಪರೀಕ್ಷಿಸಿ ಕೊಡುವ ಓಕೋ-ಟೆಕ್ಸ್ (OEKO-TEX) ಸ್ಟ್ಯಾಂಡರ್ಡ್ 100 ಮುದ್ರೆಯ ಒಂದನೇ ವರ್ಗ ನೋಡಿ.

ಹತ್ತಿ ಹಾಸಿಗೆಯನ್ನು ಮಹಡಿಯ ಬಿಸಿಲಿಗೆ ಹಾಕಿ ಅಭ್ಯಾಸವಾದವರು ಲ್ಯಾಟೆಕ್ಸನ್ನೂ ಹಾಗೇ ಹಾಕುತ್ತಾರೆ. ಬಿಸಿಲಿಗೆ ಅದು ಹಳದಿಯಾಗಿ, ಬಿರುಕುಬಿಟ್ಟು ಉದುರುತ್ತದೆ. ಪಿಯು ಫೋಮೂ ಕೆಡುತ್ತದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ ಗೋಡೆಗೆ ಒರಗಿಸಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ನೆಲದ ಮೇಲೇ ಹಾಸಿಟ್ಟರೆ ಅಡಿಯಲ್ಲಿ ಬೂಸ್ಟು ಬರುತ್ತದೆ, ವಾರಕ್ಕೊಮ್ಮೆಯಾದರೂ ಎತ್ತಿ ನಿಲ್ಲಿಸಿ.

ಬಿಲ್ಲಿನಲ್ಲಿ ಪ್ರತಿ ಪದರದ ಸರಕು, ದಪ್ಪ, ಡೆನ್ಸಿಟಿ ಬರೆಸಿಕೊಳ್ಳಿ. ಮೊದಲ ರಾತ್ರಿಯಿಂದಲೇ ನೀರು ಇಳಿಯದ ಮೇಲುಹೊದಿಕೆ ಹಾಕಿ: ಉಚ್ಚೆ ಒಳಗಿಳಿದ ಫೋಮನ್ನು ಒಗೆದು ಒಣಗಿಸುವುದು ಆಗದ ಮಾತು, ಜೊತೆಗೆ ಕಲೆಯಾದ ಹಾಸಿಗೆಗೆ ವಾರಂಟಿ ಇಲ್ಲ ಎಂಬ ಸಾಲು ಅನೇಕ ವಾರಂಟಿ ಕಾರ್ಡುಗಳಲ್ಲಿ ಸಣ್ಣಕ್ಷರದಲ್ಲಿ ಇರುತ್ತದೆ.