ಸಾವಯವ ಕೃಷಿ ಮತ್ತು ಪರಿಸರ: ಒಂದು ಚೀಲ ಯೂರಿಯಾದ ಲೆಕ್ಕ

"ಸಾವಯವ ಕೃಷಿಯಿಂದ ಪರಿಸರಕ್ಕೆ ಏನು ಲಾಭ?" ಪರೀಕ್ಷೆಯಲ್ಲಿ ಹೀಗೆ ಕೇಳಿದರೆ ನಾವೆಲ್ಲ ಒಂದೇ ಉತ್ತರ ಬರೆಯುತ್ತೇವೆ. ಮಣ್ಣು ಫಲವತ್ತಾಗುತ್ತದೆ, ನೀರು ಕೆಡುವುದಿಲ್ಲ, ಗಾಳಿ ಚೆನ್ನಾಗಿರುತ್ತದೆ. ಅಂಕವೂ ಸಿಗುತ್ತದೆ. "ಅದು ಹೇಗೆ?" ಎಂದು ಯಾರಾದರೂ ಮರುಪ್ರಶ್ನೆ ಹಾಕಿದಾಗ ಮಾತ್ರ ನಾನು ತಡವರಿಸಿದ್ದೇನೆ. ಆಮೇಲೆ ಒಂದು ದಾರಿ ಹಿಡಿದೆ: ಗಿಡದ ಮುಖ್ಯ ಆಹಾರವಾದ ಸಾರಜನಕದ (ನೈಟ್ರೋಜನ್) ಜಾಡು ಹಿಡಿದು ಹೋಗುವುದು. ಅದು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ನೋಡುತ್ತಾ ಹೋದರೆ ಪಾಠದ ಬಹುಪಾಲು ತಿಳಿಯುತ್ತದೆ. ಹಳೇ ಮೈಸೂರು ಕಡೆಯ ಒಂದು ಎಕರೆ ಮಳೆಯಾಶ್ರಿತ ರಾಗಿ ಹೊಲವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

ಚೀಲದೊಳಗೆ ಏನಿದೆ

ಯೂರಿಯಾದಲ್ಲಿ ಸಾರಜನಕ ಶೇ 46. ಚೀಲದ ತೂಕ 45 ಕೆಜಿ. ಅಂದರೆ ಒಂದು ಚೀಲದಲ್ಲಿ 20.7 ಕೆಜಿ ಸಾರಜನಕ. ಮಳೆಯಾಶ್ರಿತ ರಾಗಿಗೆ ಸಾರಜನಕದ ಶಿಫಾರಸು ಹೆಕ್ಟೇರಿಗೆ 50 ಕೆಜಿ, ಎಕರೆಗೆ 20 ಕೆಜಿ. ಹಾಗಾಗಿ ಎಕರೆಗೆ ಒಂದು ಚೀಲ ಎಂದು ನೆನಪಿಟ್ಟುಕೊಳ್ಳಿ. ಮುಂದಿನ ಲೆಕ್ಕಕ್ಕೆಲ್ಲ ಇದೇ ಅಳತೆ.

ಗಾಳಿಯ ಶೇ 78 ಭಾಗ ಸಾರಜನಕವೇ. ಆದರೆ ಅದರ ಪರಮಾಣುಗಳು ಜೋಡಿಯಾಗಿ ಎಷ್ಟು ಬಿಗಿಯಾಗಿ ಅಂಟಿಕೊಂಡಿವೆ ಎಂದರೆ ಗಿಡಕ್ಕೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಕಾರ್ಖಾನೆಯಲ್ಲಿ 400–500 ಡಿಗ್ರಿ ಶಾಖ, ಭಾರೀ ಒತ್ತಡ ಕೊಟ್ಟು ಜಲಜನಕದ ಜೊತೆ ಸೇರಿಸಿ ಅಮೋನಿಯಾ ಮಾಡುತ್ತಾರೆ, ಅದರಿಂದ ಯೂರಿಯಾ. ಅಮೋನಿಯಾ ಮಾಡುವ ಈ ವಿಧಾನವನ್ನು ಜರ್ಮನಿಯ ಫ್ರಿಟ್ಸ್ ಹೇಬರ್ 1909ರಲ್ಲಿ ಮಾಡಿ ತೋರಿಸಿದರು. ಜಲಜನಕ ಬರುವುದು ನೈಸರ್ಗಿಕ ಅನಿಲ ಅಥವಾ ಕಚ್ಚಾತೈಲದಿಂದ ಸಿಗುವ ನಾಫ್ತಾ ಎಂಬ ದ್ರವದಿಂದ. ಮಂಗಳೂರಿನ ಪಣಂಬೂರಿನ ಯೂರಿಯಾ ಕಾರ್ಖಾನೆ ಬಹುಕಾಲ ನಾಫ್ತಾ ಬಳಸುತ್ತಿತ್ತು, ಕೊಚ್ಚಿಯಿಂದ ಪೈಪ್‌ಲೈನ್ ಬಂದ ಮೇಲೆ ಅನಿಲಕ್ಕೆ ಬದಲಾಯಿತು. ಹೊಲದಲ್ಲಿ ಒಂದು ಚೀಲ ಕಡಿಮೆ ಮಾಡಿದರೆ ಮೊದಲು ಉಳಿಯುವುದು ಈ ಇಂಧನ.

ಎರಚಿದ ಮೇಲೆ ಬೆಳೆಗೆ ಸಿಗುವುದು ಸಾಮಾನ್ಯವಾಗಿ ಅರ್ಧ, ಇಲ್ಲವೇ ಅದಕ್ಕೂ ಕಡಿಮೆ. ಉಳಿದದ್ದರಲ್ಲಿ ಒಂದಿಷ್ಟು ಅಮೋನಿಯಾ ಆಗಿ ಹಾರಿಹೋಗುತ್ತದೆ. ಒಂದಿಷ್ಟು ನೀರಿನಲ್ಲಿ ಕರಗುವ ನೈಟ್ರೇಟ್ ಆಗಿ ಮಳೆನೀರಿನ ಜೊತೆ ಕೆಳಗಿಳಿಯುತ್ತದೆ. ನೀರು ನಿಂತ ಮಣ್ಣಿನಲ್ಲಿ ಸ್ವಲ್ಪ ಭಾಗವನ್ನು ಬ್ಯಾಕ್ಟೀರಿಯಾಗಳು ನೈಟ್ರಸ್ ಆಕ್ಸೈಡ್ ಎಂಬ ಅನಿಲ ಮಾಡುತ್ತವೆ. ಪ್ರಮಾಣ ಚಿಕ್ಕದೇ. ಆದರೆ ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜಾಸ್ತಿ ಶಾಖ ಹಿಡಿದಿಡುತ್ತದೆ. 2015ರಲ್ಲಿ ಯೂರಿಯಾಗೆ ಬೇವಿನ ಲೇಪ ಕಡ್ಡಾಯ ಮಾಡಿದ್ದಕ್ಕೆ ಈ ಸೋರಿಕೆ ತಗ್ಗಿಸುವುದೂ ಒಂದು ಕಾರಣ.

ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟಿದರೆ ಹಸುಗೂಸುಗಳಿಗೆ ಅಪಾಯ, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗುತ್ತದೆ. ಕೇಂದ್ರೀಯ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಈ ಸಮಸ್ಯೆ ಹೆಚ್ಚಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇದೆ. ಆದರೆ ಉತ್ತರ ಬರೆಯುವಾಗ ಎಲ್ಲವನ್ನೂ ಯೂರಿಯಾ ಮೇಲೆ ಹಾಕಬೇಡಿ. ಚರಂಡಿಯಿಂದ, ಶೌಚಗುಂಡಿಯಿಂದ, ಬಾವಿ ಪಕ್ಕದ ತಿಪ್ಪೆಯಿಂದ ಇಳಿಯುವುದೂ ಅದೇ ನೈಟ್ರೇಟ್.

ಚೀಲದ ಬದಲಿಗೆ ಏನು

ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ಸುಮಾರು ಶೇ 0.5. 20 ಕೆಜಿ ಬೇಕೆಂದರೆ 4 ಟನ್ ಗೊಬ್ಬರ ಬೇಕು. ಅದೂ ಆ ವರ್ಷವೇ ಪೂರ್ತಿ ಬಿಟ್ಟುಕೊಡುವುದಿಲ್ಲ, ನಿಧಾನವಾಗಿ ಕೊಡುತ್ತದೆ. ಈ ನಿಧಾನವೇ ಪರಿಸರಕ್ಕೆ ಲಾಭ. ಬೇರು ಹೀರುವ ವೇಗಕ್ಕೆ ಹತ್ತಿರವಾಗಿ ಸಿಗುವುದರಿಂದ ಸೋರುವುದು ಕಡಿಮೆ. ಜೊತೆಗೆ ಇಂಗಾಲವೂ ಮಣ್ಣಿಗೆ ಸೇರುತ್ತದೆ. ಮಣ್ಣು ಪುಡಿಪುಡಿಯಾಗಿ, ಬಿದ್ದ ಮಳೆ ಹರಿದುಹೋಗದೆ ಇಂಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ 1970ರ ದಶಕದ ಕೊನೆಯಿಂದ ರಾಗಿ ಮೇಲೆ ಇದನ್ನೇ ಪರೀಕ್ಷೆ ಮಾಡುತ್ತಿದ್ದಾರೆ. ಬರೀ ರಸಗೊಬ್ಬರ ಬಿದ್ದ ತಾಕಿನ ಇಳುವರಿ ವರ್ಷ ಕಳೆದಂತೆ ಕುಸಿಯಿತು. ಮುಂದೆ ಇರುವುದು ಕೊಟ್ಟಿಗೆ ಗೊಬ್ಬರ ಮತ್ತು ರಸಗೊಬ್ಬರ ಎರಡೂ ಬಿದ್ದ ತಾಕು. ಸಾವಯವವನ್ನು ಪ್ರೀತಿಸುವ ನಾವು ಈ ಎರಡನೇ ಮಾತನ್ನೂ ಬರೆಯಬೇಕು ಅಲ್ವಾ?

ಜೀವಾಮೃತದ ಬಗ್ಗೆ ಗೊಂದಲ ಜಾಸ್ತಿ. ಇದು ಸಗಣಿ, ಗಂಜಲ ಕಲಸಿ ಹುದುಗಿಸಿ ಹೊಲಕ್ಕೆ ಹಾಕುವ ದ್ರವ. ನೈಸರ್ಗಿಕ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರ್ ಹೇಳುವ ಅಳತೆ ಎಕರೆಗೆ 200 ಲೀಟರ್ ನೀರು, 10 ಕೆಜಿ ಸಗಣಿ, 5–10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ಇದರಲ್ಲಿರುವ ಸಾರಜನಕವನ್ನು ಲೆಕ್ಕ ಹಾಕಿ ನೋಡಿದೆ. ಕಾಲು ಕೆಜಿ ಆಸುಪಾಸು. 20 ಕೆಜಿ ಎಲ್ಲಿ, ಕಾಲು ಕೆಜಿ ಎಲ್ಲಿ! ಇದನ್ನು ಗೊಬ್ಬರ ಎಂದು ತಿಳಿಯದೆ ಹೆಪ್ಪು ಎಂದು ತಿಳಿಯಿರಿ. ಹೆಪ್ಪು ಎಷ್ಟು ಚೆನ್ನಾಗಿದ್ದರೂ ಹಾಲಿಲ್ಲದೆ ಮೊಸರಾಗದು. ಹೊಲದಲ್ಲಿ ಕೊಳೆಯಲು ಸೊಪ್ಪು ಸದೆ ಇರಬೇಕು.

ಆ ಹಾಲು ಎಲ್ಲಿಂದ? ನನಗೆ ತುಂಬಾ ಇಷ್ಟವಾದ ಉತ್ತರ ಅಕ್ಕಡಿ ಸಾಲು. ರಾಗಿ ನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು ಹಾಕುವ ಹಳೇ ಪದ್ಧತಿ. ಕೃಷಿ ವಿಶ್ವವಿದ್ಯಾಲಯ ಇದನ್ನೇ 8 ಸಾಲು ರಾಗಿಗೆ 2 ಸಾಲು ತೊಗರಿ ಎಂದು ಅಳತೆಗೆ ತಂದಿದೆ. ದ್ವಿದಳ ಗಿಡಗಳ ಬೇರಿನ ಗಂಟಿನಲ್ಲಿ ರೈಜೋಬಿಯಂ ಬ್ಯಾಕ್ಟೀರಿಯಾ ಇರುತ್ತದೆ. ಕಾರ್ಖಾನೆ 400 ಡಿಗ್ರಿಯಲ್ಲಿ ಮಾಡುವ ಕೆಲಸವನ್ನು ಅದು ಮಣ್ಣಿನ ತಂಪಿನಲ್ಲೇ ಮಾಡುತ್ತದೆ! ಹೂ ಬಿಡುವ ಹೊತ್ತಿಗೆ ಒಂದು ಅಲಸಂದೆ ಗಿಡವನ್ನು ಮಣ್ಣಿನ ಸಮೇತ ಎತ್ತಿ, ಗಂಟನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಕೆಲಸ ನಡೆಯುತ್ತಿದೆ. ಹಸಿರೋ ಬೂದಿಯೋ ಆಗಿದ್ದರೆ ನಿಂತಿದೆ. ನಾನು ಮೊದಲ ಸಲ ಆ ಬಣ್ಣ ನೋಡಿದ ದಿನ ಈ ಪಾಠ ಮನಸ್ಸಿಗೆ ಇಳಿಯಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಪಕ್ಕದ ರಾಗಿಗೆ ತೊಗರಿ ಅದೇ ವರ್ಷ ಸಾರಜನಕ ಹಂಚುವುದು ಬಹಳ ಕಡಿಮೆ. ಉದುರಿದ ಎಲೆ ಮತ್ತು ಬೇರು ಕೊಳೆತ ಮೇಲೆ ಮುಂದಿನ ಬೆಳೆಗೆ ಸಿಗುತ್ತದೆ.

ತಿಪ್ಪೆಯ ಬಗ್ಗೆಯೂ ಒಂದು ಮಾತು. ದನ ಹೊರಹಾಕುವ ಸಾರಜನಕದಲ್ಲಿ ಅರ್ಧದಷ್ಟು ಗಂಜಲದಲ್ಲೇ ಇರುತ್ತದೆ. ಅದು ಹರಿದುಹೋದರೆ ಅರ್ಧ ಗೊಬ್ಬರ ಹೋದಂತೆ. ತಿಪ್ಪೆ ಹತ್ತಿರ ಮೂಗಿಗೆ ಘಾಟು ಬಡಿದರೆ ಅಮೋನಿಯಾ ಹಾರುತ್ತಿದೆ ಎಂದೇ ಅರ್ಥ. ಒಣ ಎಲೆ ಬೆರೆಸಿ, ಮೇಲೆ ಮಣ್ಣು ಮುಚ್ಚಿ, ನೆರಳು ಮಾಡಿ.

ಗೊಬ್ಬರಕ್ಕೂ ನೆಲ ಬೇಕು. ಉತ್ತರ ಕನ್ನಡದಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನಬೆಟ್ಟ (ಗೊಬ್ಬರಕ್ಕೆ ಸೊಪ್ಪು ಕೊಯ್ಯುವ ಕಾಡು) ಬಿಟ್ಟುಕೊಟ್ಟಿದ್ದು ಇದೇ ಕಾರಣಕ್ಕೆ. ಬೆಟ್ಟವನ್ನು ಹಿತವಾಗಿ ಸವರಿದರೆ ಮರ ಚಿಗುರುತ್ತದೆ, ಜಾಸ್ತಿ ಸವರಿದರೆ ಕಾಡು ಬೋಳಾಗುತ್ತದೆ. ಶ್ರೀಲಂಕಾ 2021ರಲ್ಲಿ ರಸಗೊಬ್ಬರದ ಆಮದನ್ನು ಏಕಾಏಕಿ ನಿಲ್ಲಿಸಿ, ಅದೇ ವರ್ಷ ನವೆಂಬರಿನಲ್ಲಿ ಹಿಂದೆ ಸರಿಯಿತು. ಅಷ್ಟು ಸಾರಜನಕಕ್ಕೆ ಬದಲಿ ಸಿದ್ಧವಾಗಿರಲಿಲ್ಲ. ಸಿಕ್ಕಿಂ 2003ರಲ್ಲಿ ಶುರು ಮಾಡಿ 2016ರಲ್ಲಿ ಪೂರ್ಣ ಸಾವಯವ ಎನಿಸಿಕೊಂಡಿತು. ನಡುವಿನ ಆ 13 ವರ್ಷಗಳನ್ನು ಗಮನಿಸಿ.

ಪೇಟೆಗೆ ಹೋದದ್ದು

ರಾಗಿಯಲ್ಲಿ ಪ್ರೊಟೀನ್ ಸುಮಾರು ಶೇ 7. ಹತ್ತು ಕ್ವಿಂಟಲ್ ರಾಗಿ ಮಾರಿದರೆ 70 ಕೆಜಿ ಪ್ರೊಟೀನ್ ಹೋಯಿತು. ಪ್ರೊಟೀನಿನ ಸುಮಾರು ಶೇ 16 ಭಾಗ ಸಾರಜನಕ, ಅಂದರೆ 6.25 ಕೆಜಿಗೆ ಒಂದು ಕೆಜಿ. 6.25ರಿಂದ ಭಾಗಿಸಿದರೆ 11 ಕೆಜಿ ಸಾರಜನಕ, ಅಂದರೆ ಅರ್ಧ ಚೀಲಕ್ಕಿಂತ ಜಾಸ್ತಿ. ಅದು ಬೆಂಗಳೂರಿನ ಊಟದ ತಟ್ಟೆಯಿಂದ ಚರಂಡಿಗೆ, ಅಲ್ಲಿಂದ ಬೆಳ್ಳಂದೂರು, ವರ್ತೂರಿನಂಥ ಕೆರೆಗೆ ಸೇರಿ ಕಳೆ ಬೆಳೆಸುತ್ತದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಹೊಲದ್ದು ಹೊಲದ ಕಡೆಗೇ ವಾಪಸ್ಸು ಎನ್ನಬಹುದು. ಆದರೆ ಸಂಸ್ಕರಣೆ ಎರಡನೇ ಹಂತಕ್ಕೇ ನಿಂತು, ನೀರನ್ನು ಇನ್ನಷ್ಟು ಶುದ್ಧ ಮಾಡುವ ಮೂರನೇ ಹಂತಕ್ಕೆ ಹೋಗದಿರುವುದರಿಂದ ಅಲ್ಲಿನವರ ಆತಂಕ ನ್ಯಾಯವಾದದ್ದೇ. ಮನೆಯಲ್ಲಿ ತರಕಾರಿ ಸಿಪ್ಪೆಯನ್ನು ಗೊಬ್ಬರ ಮಾಡುವುದು ಇದೇ ಜಾಡಿನ ಇನ್ನೊಂದು ಚಿಕ್ಕ ತುಂಡು.

ನಿಮ್ಮ ಊರಿನ ಬೆಳೆಗೂ ಈ ಲೆಕ್ಕ ಹಾಕಿ ನೋಡಿ. ಮಾರಿದ ಕೆಜಿ, ಅದರಲ್ಲಿ ಪ್ರೊಟೀನ್ ಎಷ್ಟು, ಭಾಗಿಸು 6.25. ಬಂದ ಸಂಖ್ಯೆಯ ಎದುರಿಗೆ, ಆ ವರ್ಷ ಹೊಲಕ್ಕೆ ವಾಪಸ್ಸು ಬಿದ್ದದ್ದು ಎಷ್ಟು ಎಂದು ಬರೆಯಿರಿ.